ಒಂದು ಹಲ್ಲು, ಒಂದು ಸ್ಟೀಲ್ ಬಾಟಲಿ: ಶಾಲೆಯ ಹೊಡೆದಾಟ ಪೊಲೀಸ್ ಕೇಸಾದಾಗ

ಹುಡುಗ ಹತ್ತನೇ ತರಗತಿಯಲ್ಲಿದ್ದಾನೆ. ಶಾಲೆಯ ದಾಖಲೆಯಂತೆ ವಯಸ್ಸು 16 ವರ್ಷ 3 ತಿಂಗಳು. ಹಳೇ ಮೈಸೂರು ಕಡೆಯ ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪ್ರೌಢಶಾಲೆ. ಅಪ್ಪ ಲಗೇಜ್ ಆಟೋ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮೂರು ವಾರದಿಂದ ಅವನ ಫೋಟೊಗೆ ಸ್ಟಿಕ್ಕರ್ ಮಾಡಿ ಗೇಲಿ ನಡೆದಿತ್ತು. ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದ ಹಿಂದೆ ಕೈ ಕೈ ಮಿಲಾಯಿಸಿತು. ಎದುರಿನ ಹುಡುಗನ ಮುಂದಿನ ಹಲ್ಲೊಂದು ಅರ್ಧ ಮುರಿಯಿತು, ತುಟಿ ಸೀಳಿತು. ನಮ್ಮ ಹುಡುಗನ ಜೊತೆಗೆ ಅವನ ಊರಿನ ಇನ್ನೊಬ್ಬ ಹುಡುಗನೂ ಇದ್ದ. ಪಿಯುಸಿ ಓದುವವನು, ಆಧಾರ್ ಪ್ರಕಾರ ಹದಿನೆಂಟು ತುಂಬಿದವನು. ರಾತ್ರಿ ಎಂಟಕ್ಕೆ ದೂರು ದಾಖಲಾಯಿತು. ‘ಇಬ್ಬರೂ ಸೇರಿ ಸ್ಟೀಲ್ ನೀರಿನ ಬಾಟಲಿಯಿಂದ ಬಾಯಿಗೆ ಹೊಡೆದರು’ ಎಂದು ಅದರಲ್ಲಿತ್ತು.

ಇದು ಯಾವುದೋ ಒಬ್ಬ ಹುಡುಗನ ಕಡತವಲ್ಲ. ಇಂಥ ಕೇಸುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಸನ್ನಿವೇಶದಲ್ಲಿ ಕೂಡಿಸಿದ್ದೇವೆ. ಕಾನೂನಿನ ಅಂಶಗಳು ಇದ್ದದ್ದು ಇದ್ದ ಹಾಗೇ ಇವೆ. ಮಕ್ಕಳ ಕೇಸಿನಲ್ಲಿ ಹೆತ್ತವರು ಹೆಚ್ಚಾಗಿ ಸೋಲುವುದು ಇಂಥ ಕೇಸು ವಿಚಾರಿಸುವ ಬಾಲ ನ್ಯಾಯ ಮಂಡಳಿಯ ಎದುರಲ್ಲ. ಮೊದಲ ಎರಡು ದಿನದ ಗಾಬರಿಯಲ್ಲಿ, ಮಗನ ಮೇಲಿನ ಪ್ರೀತಿಯಿಂದಲೇ ಮಾಡಿದ ನಾಲ್ಕು ಕೆಲಸಗಳಲ್ಲಿ.

ಮೊದಲ ರಾತ್ರಿ

ಠಾಣೆಯಿಂದ ಫೋನ್ ಬಂದಾಗ ಮನೆಯಲ್ಲಿ ಸೋದರಮಾವ ಇದ್ದರು. ಅವರ ಮೊದಲ ಸಲಹೆ: “ಭಾವ, ಹುಡುಗನ್ನ ಎರಡು ದಿನ ನಮ್ಮೂರಿಗೆ ಕಳ್ಸಿ. ಅಷ್ಟರಲ್ಲಿ ನಾನು ಮಾತಾಡಿ ಸರಿ ಮಾಡ್ತೀನಿ.” ಇಂಥ ಮನೆಗಳಲ್ಲೆಲ್ಲ ಮೊದಲು ಹೊಳೆಯುವುದು ಇದೇ. ಇದರಿಂದ ಆಗುವ ನಷ್ಟ ದೊಡ್ಡದು. 2015ರ ಬಾಲ ನ್ಯಾಯ ಕಾಯ್ದೆಯ ಕಲಂ 12ರ ಪ್ರಕಾರ ಮಗುವಿಗೆ ಜಾಮೀನು ಕೊಡುವುದೇ ನಿಯಮ. ನಿರಾಕರಿಸಲು ಇರುವ ಕಾರಣಗಳು ಮೂರೇ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಎನ್ನುವುದು, ಅವನ ದೇಹಕ್ಕೋ ಮನಸ್ಸಿಗೋ ನಡತೆಗೋ ಅಪಾಯವಿದೆ ಎನ್ನುವುದು, ಬಿಟ್ಟರೆ ನ್ಯಾಯದ ಉದ್ದೇಶವೇ ಕೆಡುತ್ತದೆ ಎನ್ನುವುದು. ಮಗನನ್ನು ಬಚ್ಚಿಟ್ಟ ಮನೆಯವರು ಆ ಮೂರನೆಯ ಕಾರಣವನ್ನು ತಾವೇ ಒದಗಿಸಿಕೊಟ್ಟಂತೆ. ‘ಹೆತ್ತವರೇ ತಪ್ಪಿಸುತ್ತಾರೆ’ ಎಂಬ ಒಂದು ಸಾಲು ವರದಿಗೆ ಬಿದ್ದರೆ ಸುಲಭದ ಜಾಮೀನೂ ಕಷ್ಟವಾಗುತ್ತದೆ.

ಈ ಮನೆಯವರು ಬಚ್ಚಿಡಲಿಲ್ಲ. ಹಾಗಂತ ಬರಿಗೈಯಲ್ಲಿ ಓಡಲೂ ಇಲ್ಲ. ಹೊರಡುವ ಮುನ್ನ ಅರ್ಧ ಗಂಟೆ ಕಾಗದಗಳಿಗೆ ಕೊಟ್ಟರು. ಶಾಲೆಯ ಜನ್ಮದಿನಾಂಕದ ದೃಢೀಕರಣ, ಜನನ ಪ್ರಮಾಣಪತ್ರ, ಪಡಿತರ ಚೀಟಿ, ಹೆತ್ತವರ ಗುರುತಿನ ಚೀಟಿ, ಇವೆಲ್ಲದರ ಎರಡೆರಡು ಜೆರಾಕ್ಸ್. ಹುಡುಗ ಮಾತ್ರೆ ತೆಗೆದುಕೊಳ್ಳುವವನಾದರೆ, ಇನ್‌ಹೇಲರ್ ಬಳಸುವವನಾದರೆ ಅದರ ಚೀಟಿಯೂ ಬೇಕು. ಹೊಟ್ಟೆಗೆ ಊಟ, ಮೈಗೆ ಒಂದು ಸ್ವೆಟರ್. ಶಾಲೆಯ ಸಮವಸ್ತ್ರದಲ್ಲೇ ಕರೆದೊಯ್ಯಬಾರದು, ಗೇಟಿನ ಬಳಿ ಯಾರಾದರೂ ಮೊಬೈಲ್ ಹಿಡಿದು ನಿಂತಿದ್ದರೆ ಶಾಲೆಯ ಹೆಸರಿನ ಜೊತೆ ಹುಡುಗನ ಗುರುತೂ ಬಯಲಾಗುತ್ತದೆ.

ವಕೀಲರನ್ನು ಹುಡುಕುವುದು ಬೆಳಗಿನ ಕೆಲಸವಲ್ಲ, ಆ ರಾತ್ರಿಯದೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಗುವಿಗೆ ಉಚಿತ ಕಾನೂನು ನೆರವು ಆದಾಯದ ಮಿತಿಯಿಲ್ಲದೆ ಸಿಗುತ್ತದೆ. ಸಹಾಯವಾಣಿ 15100. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ತಾಲ್ಲೂಕಿನಲ್ಲೂ ಸಮಿತಿ ಇದೆ. ದುಡ್ಡು ಕೊಟ್ಟು ವಕೀಲರನ್ನು ಇಡುವವರು ಒಂದು ಪ್ರಶ್ನೆ ಕೇಳಲೇಬೇಕು: ‘ಬಾಲ ನ್ಯಾಯ ಮಂಡಳಿಯ ಮುಂದೆ ಕೇಸ್ ನಡೆಸಿದ್ದೀರಾ?’ ದೊಡ್ಡವರ ಕ್ರಿಮಿನಲ್ ಕೇಸುಗಳಲ್ಲಿ ಪಳಗಿದ ಒಳ್ಳೆಯ ವಕೀಲರೂ ಇಲ್ಲಿ ಜಾಮೀನು ಅರ್ಜಿಯನ್ನು ದೊಡ್ಡವರ ನಮೂನೆಯಲ್ಲೇ ಬರೆಯುವುದುಂಟು. ಕಲಂ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬ ವಾದದಲ್ಲೇ ಅರ್ಧ ಪುಟ ಹೋಗುತ್ತದೆ. ಮಗುವಿನ ಮಟ್ಟಿಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಠಾಣೆಯಲ್ಲಿ ಅಮ್ಮ ಕೇಳಿದ ಮೊದಲ ಮಾತು ಸರಿಯಾಗಿತ್ತು: “ಸಾರ್, ಮಕ್ಕಳ ಕಲ್ಯಾಣ ಅಧಿಕಾರಿ ಯಾರು ಸಾರ್?” ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಆಗಿರಬೇಕೆಂದು ಬಾಲ ನ್ಯಾಯ ಕಾಯ್ದೆಯ ಕಲಂ 107 ಹೇಳುತ್ತದೆ. ಹುಡುಗನ ಜೊತೆ ಮಾತಾಡಬೇಕಾದವರು ಅವರು, ಅದೂ ಮಫ್ತಿಯಲ್ಲಿ. ಕೋಳ ಹಾಕುವಂತಿಲ್ಲ, ಲಾಕಪ್‌ಗೆ ಹಾಕುವಂತಿಲ್ಲ, ಹುಡುಗನಿಂದ ಯಾವ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವಂತಿಲ್ಲ, ಮಾತಾಡಿಸುವಾಗ ಹೆತ್ತವರು ಪಕ್ಕದಲ್ಲಿ ಇರಬಹುದು. ಇವೆಲ್ಲ ಅದೇ ಕಾಯ್ದೆಯ 2016ರ ಮಾದರಿ ನಿಯಮಗಳ 8ನೇ ನಿಯಮದಲ್ಲಿವೆ. ಇದನ್ನು ಜಗಳದ ದನಿಯಲ್ಲಿ ಹೇಳಬೇಕಾಗಿಲ್ಲ. ‘ಬರೆದಿದ್ದನ್ನು ಓದಿ ಹೇಳಿ ಸಾರ್, ವಕೀಲರು ಬರಲಿ, ಆಮೇಲೆ’ ಎಂದರೆ ಸಾಕು.

ಅದೇ ನಿಯಮದಲ್ಲಿ ಇನ್ನೊಂದು ಅಂಶವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವುದೇ ಇಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು, ಹೆತ್ತವರಿಗೆ ಹಾಜರಾಗುವ ದಿನ ತಿಳಿಸಬೇಕು. ಹುಡುಗನನ್ನು ವಶಕ್ಕೆ ಪಡೆಯುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿ ಎಫ್‌ಐಆರ್ ಆಯಿತು. ಕಾರಣ, ಜೊತೆಗಿದ್ದ ಪಿಯುಸಿ ಹುಡುಗ. ಆಧಾರ್ ನೋಡಿ ಅವನನ್ನು ದೊಡ್ಡವನೆಂದು ಬರೆದುಕೊಂಡರು. ಅವನು ಆ ರಾತ್ರಿ ಲಾಕಪ್ಪಿನಲ್ಲೇ ಕಳೆದ.

ವಯಸ್ಸಿನ ಕಾಗದ

ಬಾಲ ನ್ಯಾಯ ಕಾಯ್ದೆಯ ಕಲಂ 94ರಲ್ಲಿ ವಯಸ್ಸು ನಿರ್ಧರಿಸುವ ಕ್ರಮ ಸ್ಪಷ್ಟವಾಗಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥ ದಾಖಲೆ. ಅದಿಲ್ಲದಿದ್ದರೆ ನಗರಸಭೆಯೋ ಪಂಚಾಯ್ತಿಯೋ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಒಂದು ತಾರೀಖು, ಆಧಾರ್ ಶಿಬಿರದಲ್ಲಿ ಬಾಯಿಮಾತಿಗೆ ಇನ್ನೊಂದು ತಾರೀಖು ಬರೆಸಿರುವುದು ಎಷ್ಟೋ ಮನೆಗಳ ಕಥೆ. ಪಿಯುಸಿ ಹುಡುಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತಂದು ನೋಡಿದಾಗ ಘಟನೆಯ ದಿನ ಅವನಿಗೆ 17 ವರ್ಷ 10 ತಿಂಗಳು. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸೇ ಹೊರತು ಹಿಡಿದ ದಿನದ್ದಲ್ಲ, ತೀರ್ಪಿನ ದಿನದ್ದೂ ಅಲ್ಲ. ವಿಚಾರಣೆ ನಡೆಯುತ್ತಿರುವಾಗ ಹದಿನೆಂಟು ತುಂಬಿದರೂ ಮಗುವಾಗಿಯೇ ಕೇಸ್ ಮುಂದುವರಿಯುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಅವನ ವಕೀಲರು ಅಂಕಪಟ್ಟಿ ಕೊಟ್ಟರು, ಕಲಂ 9ರಂತೆ ಅವನನ್ನೂ ಮಂಡಳಿಗೆ ಕಳಿಸಲಾಯಿತು. ಆ ಕಾಗದ ಹಿಂದಿನ ರಾತ್ರಿಯೇ ಠಾಣೆಗೆ ಹೋಗಿದ್ದರೆ ಲಾಕಪ್ಪೂ ಇಲ್ಲ, ಎಫ್‌ಐಆರಿಗೆ ಆಧಾರವೂ ಇಲ್ಲ.

ಎಫ್‌ಐಆರಿನ ಕಲಂಗಳು

ಅಪ್ಪ ಕುಸಿದು ಕೂತದ್ದು ಎಫ್‌ಐಆರ್ ಪ್ರತಿ ಓದಿದಾಗ. ಯಾರೋ ಮೊಬೈಲ್‌ನಲ್ಲಿ ಹುಡುಕಿ ‘ಜೀವಾವಧಿ ಆಗ್ಬಹುದು’ ಎಂದಿದ್ದರು. ಅದರಲ್ಲಿದ್ದದ್ದು ಭಾರತೀಯ ನ್ಯಾಯ ಸಂಹಿತೆಯ ಕಲಂ 115(2), 117(2), 118(2) ಮತ್ತು 3(5). 2024ರ ಜುಲೈ 1ರ ನಂತರದ ಘಟನೆಗಳಿಗೆ ಹಳೆಯ ಐಪಿಸಿ ಬದಲು ಇದೇ ಸಂಹಿತೆ ಅನ್ವಯಿಸುತ್ತದೆ.

115(2) ಅಂದರೆ ಸಾದಾ ಗಾಯ, ಗರಿಷ್ಠ ಒಂದು ವರ್ಷ. 117(2) ಅಂದರೆ ತೀವ್ರ ಗಾಯ, ಗರಿಷ್ಠ ಏಳು ವರ್ಷ. ತೀವ್ರ ಗಾಯ ಯಾವುದೆಂದು ಕಲಂ 116 ಪಟ್ಟಿ ಮಾಡಿದೆ, ಅದರಲ್ಲಿ ಮೂಳೆ ಅಥವಾ ಹಲ್ಲು ಮುರಿಯುವುದು, ಜಾಗ ತಪ್ಪುವುದು ಸೇರಿದೆ. ಹೊಟ್ಟೆಗೆ ಹತ್ತು ಗುದ್ದು ಬಿದ್ದು ಏನೂ ಮುರಿಯದಿದ್ದರೆ ಅದು ಸಾದಾ ಗಾಯವೆನಿಸಬಹುದು, ಒಂದೇ ಗುದ್ದಿಗೆ ಹಲ್ಲು ಮುರಿದರೆ ತೀವ್ರ. ಶಾಲಾ ಜಗಳಗಳು ಇದ್ದಕ್ಕಿದ್ದಂತೆ ದೊಡ್ಡ ಕೇಸಾಗುವುದು ಹಲ್ಲು, ಮೂಗಿನ ಮೂಳೆ, ಬೆರಳುಗಳಿಂದಲೇ. 118(2) ಎಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ: ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು ವರ್ಷ ಅಥವಾ ಜೀವಾವಧಿ. ಸ್ಟೀಲ್ ಬಾಟಲಿ ಬಂದದ್ದು ಇಲ್ಲಿಗೆ. 3(5) ಎಂದರೆ ಒಂದೇ ಉದ್ದೇಶದಿಂದ ಹಲವರು ಸೇರಿ ಮಾಡಿದ್ದು.

ಅಪ್ಪನಿಗೆ ವಕೀಲರು ಹೇಳಬೇಕಾದ ಮಾತು ಇಷ್ಟೇ: ಈ ಶಿಕ್ಷೆಗಳು ಬರೆದಿರುವುದು ದೊಡ್ಡವರಿಗೆ. ಮಗುವಿನ ಕೇಸಿನಲ್ಲಿ ಅವು ಅಪರಾಧದ ವರ್ಗ ತೀರ್ಮಾನಿಸುವ ಅಳತೆಗೋಲು ಮಾತ್ರ. ಗರಿಷ್ಠ ಮೂರು ವರ್ಷದವರೆಗಿನದು ಸಣ್ಣ ಅಪರಾಧ. ಕನಿಷ್ಠವೇ ಏಳು ವರ್ಷ ಅಥವಾ ಹೆಚ್ಚಿದ್ದರೆ ಘೋರ. ನಡುವಿನದು ಗಂಭೀರ. ಹದಿನಾರು ತುಂಬಿದ ಮಗುವನ್ನು ದೊಡ್ಡವರಂತೆ ವಿಚಾರಿಸಬಹುದೇ ಎಂಬ ಪ್ರಾಥಮಿಕ ಪರಿಶೀಲನೆ, ಅಂದರೆ ಬಾಲ ನ್ಯಾಯ ಕಾಯ್ದೆಯ ಕಲಂ 15, ಘೋರ ಅಪರಾಧಕ್ಕೆ ಮಾತ್ರ. 118(2)ರಲ್ಲಿ ಜೀವಾವಧಿ ಎಂಬ ಪದ ಇದ್ದರೂ ಕನಿಷ್ಠ ಒಂದೇ ವರ್ಷವಾದ್ದರಿಂದ ಅದು ಗಂಭೀರ ವರ್ಗ. ಕೊಲೆ ಯತ್ನದ ಕಲಂ 109 ಹಾಕಿದ್ದರೂ ಅಷ್ಟೇ, ಅದಕ್ಕೆ ಕನಿಷ್ಠ ಶಿಕ್ಷೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು, 2021ರ ತಿದ್ದುಪಡಿ ಅದನ್ನೇ ಕಾಯ್ದೆಯೊಳಗೆ ತಂದಿತು. ಈ ಹುಡುಗ ಯಾವ ಕಾರಣಕ್ಕೂ ದೊಡ್ಡವರ ಕೋರ್ಟಿಗೆ ಹೋಗುವುದಿಲ್ಲ ಎಂದು ಮೊದಲ ದಿನವೇ ತಿಳಿದರೆ ಆ ಮನೆಯಲ್ಲಿ ಜನ ಒಂದಿಷ್ಟು ನಿದ್ದೆ ಮಾಡಬಹುದು.

ಎದುರಿನ ಮಗು ಪರಿಶಿಷ್ಟ ಜಾತಿ ಅಥವಾ ಪಂಗಡದ್ದಾಗಿದ್ದು ಜಾತಿ ನಿಂದನೆಯ ಆರೋಪವೂ ಇದ್ದರೆ ದೌರ್ಜನ್ಯ ತಡೆ ಕಾಯ್ದೆ ಸೇರುತ್ತದೆ, ತನಿಖೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಗೆ ಹೋಗುತ್ತದೆ. ಇಲ್ಲಿ ಅದಿರಲಿಲ್ಲ.

ಮಂಡಳಿಯ ಮೊದಲ ಹಾಜರಿ

ವಶಕ್ಕೆ ಪಡೆದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮರುದಿನ ಎರಡನೇ ಶನಿವಾರ. ‘ಸೋಮವಾರದವರೆಗೆ ಏನೂ ಆಗಲ್ಲ’ ಎಂದು ಠಾಣೆಯ ಹೊರಗಿದ್ದವರು ಹೇಳಿದರು. ಮಂಡಳಿ ಕೂತಿಲ್ಲದ ದಿನ ಅದರ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದೆಂದು ಬಾಲ ನ್ಯಾಯ ಕಾಯ್ದೆಯ ಕಲಂ 7ರಲ್ಲೇ ಇದೆ. ವಕೀಲರು ಕೇಳಿದರು, ಹಾಗೇ ಆಯಿತು.

ಮಂಡಳಿ ಎಂದರೆ ಒಬ್ಬ ಪ್ರಧಾನ ಮ್ಯಾಜಿಸ್ಟ್ರೇಟ್, ಇಬ್ಬರು ಸಾಮಾಜಿಕ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಇದನ್ನು ಹುಡುಗನಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಸಿನಿಮಾದ ಕೋರ್ಟು ನೆನೆದು ನಡುಗುವ ಮಕ್ಕಳು ಕೇಳಿದ್ದಕ್ಕೆಲ್ಲ ‘ಹೂಂ’ ಅಂದುಬಿಡುತ್ತಾರೆ.

ಜಾಮೀನಿಗೆ ದೊಡ್ಡ ಶೂರಿಟಿ ಬೇಕೆಂದು ಅಪ್ಪ ಅಣ್ಣನ ಹೊಲದ ಪಹಣಿ ತರಿಸಿದ್ದರು. ಬೇಕಾಗಲಿಲ್ಲ. ಶೂರಿಟಿ ಇದ್ದೂ ಬಿಡಬಹುದು, ಇಲ್ಲದೆಯೂ ಬಿಡಬಹುದು. ಇಲ್ಲಿ ಹೆತ್ತವರ ಮುಚ್ಚಳಿಕೆಯ ಮೇಲೆ ಬಿಟ್ಟರು: ಕರೆದಾಗ ಹಾಜರುಪಡಿಸುತ್ತೇವೆ, ಶಾಲೆಗೆ ಕಳಿಸುತ್ತೇವೆ, ಎದುರಿನ ಹುಡುಗನ ತಂಟೆಗೆ ಹೋಗದಂತೆ ನೋಡಿಕೊಳ್ಳುತ್ತೇವೆ. ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕೆಂದೂ ಕಾಯ್ದೆಯಲ್ಲಿದೆ. ಬಡ ಮನೆಯ ಮಗು ಶೂರಿಟಿ ಇಲ್ಲವೆಂದು ವೀಕ್ಷಣಾಲಯದಲ್ಲಿ (ವಿಚಾರಣೆಯ ಹೊತ್ತಿನಲ್ಲಿ ಮಕ್ಕಳನ್ನು ಇರಿಸುವ ಗೃಹದಲ್ಲಿ) ಉಳಿದುಬಿಡುವುದು ಈ ಸಾಲನ್ನು ಯಾರೂ ನೆನಪಿಸದಿದ್ದಾಗ.

ಬಾಟಲಿಯ ಸತ್ಯ

ಹುಡುಗ ಅಮ್ಮನಿಗೆ ಹೇಳಿದ್ದು: “ನಾನು ಮುಟ್ಟೇ ಇಲ್ಲಮ್ಮ, ಅವನೇ ಬಿದ್ದ.” ಅಮ್ಮ ಅದನ್ನು ನಂಬಿ ಎಲ್ಲರಿಗೂ ಹೇಳಿದರು. ಮೂರನೇ ದಿನ ವಕೀಲರ ಕಚೇರಿಯಲ್ಲಿ, ಅಪ್ಪ ಅಮ್ಮ ಹೊರಗೆ ಕೂತಿದ್ದಾಗ, ಅವನು ನಿಜ ಹೇಳಿದ: ಗುದ್ದಿದ್ದು ತಾನೇ, ಮುಷ್ಟಿಯಿಂದ. ಬಾಟಲಿ ಎಳೆದಾಟದಲ್ಲಿ ಬ್ಯಾಗಿನಿಂದ ಜಾರಿ ಕೆಳಗೆ ಬಿತ್ತು.

ಈ ವಯಸ್ಸಿನ ಮಗು ಮೊದಲ ಸಲಕ್ಕೆ ಹೆತ್ತವರ ಮುಂದೆ ಪೂರ್ತಿ ನಿಜ ಹೇಳುವುದು ಅಪರೂಪ. ಅಪ್ಪನ ಹೊಡೆತದ ಭಯ, ಅಮ್ಮನ ಅಳುವಿನ ಭಯ. ಅದಕ್ಕೇ ವಕೀಲರ ಜೊತೆ ಒಬ್ಬನೇ ಮಾತಾಡಲು ಅವಕಾಶ ಕೊಡಬೇಕು. ಹೆತ್ತವರು ಊರಿಗೆಲ್ಲ ಒಂದು ಕಥೆ ಹೇಳಿಬಿಟ್ಟಿದ್ದರೆ ಮಗ ಆ ಕಥೆಗೆ ಕಟ್ಟುಬೀಳುತ್ತಾನೆ, ಅಪ್ಪ ಅಮ್ಮನ ಮಾತು ಸುಳ್ಳಾಗದಿರಲೆಂದು ತಾನೂ ಸುಳ್ಳು ಹೇಳುತ್ತಾನೆ. ಕೇಳಿದವರಿಗೆ ಕೊಡಬೇಕಾದ ಉತ್ತರ ಇಷ್ಟೇ: ‘ಕೇಸ್ ಮಂಡಳಿಯಲ್ಲಿದೆ, ನಾವು ಮಾತಾಡೋ ಹಾಗಿಲ್ಲ.’

ನಿಜ ಗೊತ್ತಾದ ಮೇಲೆ ಕೆಲಸ ಸುಲಭವಾಯಿತು. ಹುಡುಗ ಏನನ್ನು ಮಾಡಿದ್ದಾನೋ ಅದಕ್ಕೆ ಉತ್ತರ ಕೊಡಬೇಕು, ಮಾಡದ್ದನ್ನು ತೆಗೆಸಬೇಕು. ಬಸ್ ನಿಲ್ದಾಣದ ಹಿಂದಿನ ಬೇಕರಿಯಲ್ಲಿ ಸಿಸಿಟಿವಿ ಇತ್ತು. ಇಂಥ ಸಣ್ಣ ಅಂಗಡಿಗಳ ಯಂತ್ರದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುತ್ತದೆ, ಹೆಚ್ಚೆಂದರೆ ಕೆಲವು ವಾರ ಉಳಿಯುತ್ತದೆ. ಅಂಗಡಿಯವರ ಹತ್ತಿರ ಹೋಗಿ ಮೊಬೈಲ್‌ನಲ್ಲಿ ಪರದೆಯ ವಿಡಿಯೊ ತೆಗೆದುಕೊಂಡು ಬಂದರೆ ಅದು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಬೇಕಾದ್ದು ಲಿಖಿತ ಅರ್ಜಿ: ಇಂಥ ದಿನ, ಸಂಜೆ 4ರಿಂದ 5.30ರವರೆಗಿನ ದೃಶ್ಯವನ್ನು ಅಳಿಸದೆ ಉಳಿಸಿ ವಶಕ್ಕೆ ಪಡೆಯಿರಿ ಎಂದು ತನಿಖಾಧಿಕಾರಿಗೆ ಒಂದು ಪ್ರತಿ, ಮಂಡಳಿಗೆ ಒಂದು ಪ್ರತಿ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಮಹಜರಿನಲ್ಲಿ ಬಾಟಲಿ ಎಲ್ಲಿ ಸಿಕ್ಕಿತು, ಯಾವ ಪಂಚರ ಎದುರು, ಅದರ ಮೇಲೆ ರಕ್ತ ಅಥವಾ ನಗ್ಗು ಇತ್ತೇ ಎಂಬುದನ್ನು ವಕೀಲರು ನೋಡಿದರು. ಇರಲಿಲ್ಲ. ಇದ್ದರೂ ಪ್ರಶ್ನೆ ಉಳಿಯುತ್ತಿತ್ತು. ಕಲಂ 118ರ ಆಯುಧ ಎಂದರೆ ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ಸಾಧನ ಅಥವಾ ಹೊಡೆಯಲು ಬಳಸಿದರೆ ಸಾವು ತರಬಹುದಾದ ವಸ್ತು. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಅದಾಗುತ್ತದೆಯೇ ಎಂದು ವಾದಿಸಲು ಜಾಗವಿದೆ.

ವೂಂಡ್ ಸರ್ಟಿಫಿಕೇಟೂ (ಗಾಯದ ಬಗ್ಗೆ ವೈದ್ಯರು ಕೊಡುವ ಪತ್ರ) ಇಷ್ಟೇ ಮುಖ್ಯ. ತಾಲ್ಲೂಕು ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿನ ಗಾಯವೆಂಬ ನೋಂದಣಿ, ಆಗಿತ್ತು. ಯಾವ ಹಲ್ಲು, ಮುರಿದದ್ದೋ ಅಲುಗಿದ್ದೋ, ಎಕ್ಸ್‌ರೇ ತೆಗೆದಿದ್ದಾರೋ, ಹಲ್ಲಿನ ವೈದ್ಯರು ನೋಡಿದ್ದಾರೋ ಅಥವಾ ಸರದಿ ವೈದ್ಯರು ಅಂದಾಜಿನಲ್ಲಿ ‘ತೀವ್ರ’ ಎಂದು ಬರೆದಿದ್ದಾರೋ, ಇವೆಲ್ಲ ಅದರಲ್ಲಿ ಕಾಣುತ್ತವೆ. ಇಲ್ಲಿ ಎಕ್ಸ್‌ರೇ ಇತ್ತು, ಹಲ್ಲು ನಿಜಕ್ಕೂ ಮುರಿದಿತ್ತು. 117(2) ಉಳಿಯುತ್ತದೆ ಎಂದು ವಕೀಲರು ಅಂದೇ ಹೇಳಿದರು. ನಮ್ಮ ಹುಡುಗನ ಬೆರಳಿನ ಗೆಣ್ಣುಗಳೂ ತರಚಿದ್ದವು, ಕತ್ತಿನ ಮೇಲೆ ಉಗುರಿನ ಗೀರು ಇತ್ತು. ಅವನನ್ನೂ ಆಸ್ಪತ್ರೆಗೆ ತೋರಿಸಿ ದಾಖಲೆ ಮಾಡಿಸಿದ್ದರಿಂದ ಎಳೆದಾಟ ಎರಡೂ ಕಡೆಯಿಂದ ನಡೆದದ್ದು ಕಾಗದಕ್ಕೆ ಬಂತು. ಇದನ್ನೇ ನೆಪ ಮಾಡಿ ಪ್ರತಿ ದೂರು ಕೊಡೋಣ ಎಂದು ಸೋದರಮಾವ ಹಟ ಹಿಡಿದರು. ಇಲ್ಲದ್ದನ್ನು ಸೇರಿಸಿ ಕೊಟ್ಟ ಪ್ರತಿ ದೂರು ಮಗನ ನಿಜವಾದ ಮಾತಿನ ಬೆಲೆಯನ್ನೂ ಕಳೆಯುತ್ತದೆ. ಕೊಡಲಿಲ್ಲ.

ಇನ್ನು ಫೋನ್. ಗುಂಪಿನ ಚಾಟ್ ಅಳಿಸಲು ಹುಡುಗನ ಅಣ್ಣ ಹೊರಟಿದ್ದ. ಅಳಿಸಿದರೆ ಸಾಕ್ಷ್ಯ ನಾಶವೆಂಬ ಹೊಸ ಆರೋಪಕ್ಕೆ ದಾರಿಯಾಗುತ್ತಿತ್ತು. ಮೂರು ವಾರದ ಗೇಲಿಯ ಸಂದೇಶಗಳು ಹುಡುಗನ ಪರವಾಗಿಯೇ ಮಾತಾಡುವ ದಾಖಲೆಗಳೂ ಹೌದು. ಹೊಡೆತವನ್ನು ಅವು ಸರಿ ಮಾಡುವುದಿಲ್ಲ, ಆದರೆ ಅದು ಎಲ್ಲಿಂದ ಹುಟ್ಟಿತೆಂದು ತೋರಿಸುತ್ತವೆ.

ಶಾಲೆ

ಸೋಮವಾರ ಮುಖ್ಯೋಪಾಧ್ಯಾಯರು ಎರಡು ಕಾಗದ ಮುಂದಿಟ್ಟರು. ಒಂದು, ಹುಡುಗ ಬರೆಯಬೇಕಾದ ತಪ್ಪೊಪ್ಪಿಗೆ. ಇನ್ನೊಂದು, ‘ಸ್ವಇಚ್ಛೆಯಿಂದ ಟಿಸಿ ಕೋರುತ್ತೇವೆ’ ಎಂಬ ಅರ್ಜಿ. ಎರಡಕ್ಕೂ ಆ ಹೊತ್ತಿನಲ್ಲಿ ಸಹಿ ಹಾಕಬಾರದು.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಅದನ್ನು ತಡೆಯುತ್ತದೆ. ಮೇಷ್ಟ್ರು ಪೊಲೀಸರಲ್ಲ. ಅವರ ಮುಂದೆ ಬರೆದುಕೊಟ್ಟದ್ದನ್ನು ಮುಂದೆ ಸಾಕ್ಷ್ಯವಾಗಿ ತರಬಹುದು. ‘ಬಾಟಲಿಯಿಂದ ಹೊಡೆದದ್ದು ತಪ್ಪಾಯಿತು’ ಎಂದು ಯಾರೋ ಹೇಳಿಬರೆಸಿದ ಒಂದು ಸಾಲು 118(2)ನ್ನು ಗಟ್ಟಿ ಮಾಡಿಬಿಡುತ್ತಿತ್ತು. ಶಾಲೆಗೆ ಏನಾದರೂ ಕೊಡಲೇಬೇಕಾದರೆ ಹೆತ್ತವರು ಬರೆಯಲಿ: ವಿದ್ಯಾರ್ಥಿಗೆ ಗಾಯವಾದದ್ದಕ್ಕೆ ನಮಗೆ ನೋವಿದೆ, ಮಂಡಳಿಯ ವಿಚಾರಣೆಗೆ ಸಹಕರಿಸುತ್ತೇವೆ, ಶಾಲೆಯ ಶಿಸ್ತು ಪಾಲಿಸುತ್ತಾನೆ. ಘಟನೆಯ ವರ್ಣನೆ ಬೇಡ.

ಟಿಸಿಯ ವಿಷಯ ಇನ್ನೂ ಸೂಕ್ಷ್ಮ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಹೊರಹಾಕದಂತೆ ಕಾಯುವುದು ಎಂಟನೇ ತರಗತಿಯವರೆಗೆ ಮಾತ್ರ. ಹತ್ತರ ಹುಡುಗನಿಗೆ ಆ ರಕ್ಷಣೆ ಇಲ್ಲ. ಶಾಲೆಯ ಮೂಲಕ ಪರೀಕ್ಷೆಗೆ ನೋಂದಣಿಯಾದ ಮೇಲೆ ನಡುವರ್ಷ ಟಿಸಿ ತೆಗೆದುಕೊಂಡರೆ ಎಸ್‌ಎಸ್‌ಎಲ್‌ಸಿ ವರ್ಷವೇ ಕೈತಪ್ಪಬಹುದು. ಹೆತ್ತವರು ಲಿಖಿತವಾಗಿ ಮೂರು ಕೇಳಿಕೆ ಇಟ್ಟರು: ಬೇರೆ ವಿಭಾಗದಲ್ಲಿ ಕೂರಿಸಿ, ಹತ್ತು ನಿಮಿಷ ತಡವಾಗಿ ಹೊರಗೆ ಬಿಡಿ, ಅಮಾನತಿನ ದಿನಗಳ ಪಾಠ ಟಿಪ್ಪಣಿ ಮನೆಗೆ ಕೊಡಿ. ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿದರು. ಅಲ್ಲಿ ಆಗದಿದ್ದರೆ ಉಪನಿರ್ದೇಶಕರು, ನಂತರ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಂಡಳಿಯಿಂದಲೂ ಶಾಲೆಗೆ ಮುಂದುವರಿಸುವಂತೆ ಸೂಚನೆ ಕೇಳಬಹುದು. ಪರೀಕ್ಷೆಗೆ ಕೂರಲು 75 ಶೇಕಡಾ ಹಾಜರಿ ಬೇಕಾದ್ದರಿಂದ ಒಂದೊಂದು ದಿನಕ್ಕೂ ಲೆಕ್ಕವಿದೆ. ಪೂರ್ವಸಿದ್ಧತಾ ಪರೀಕ್ಷೆಯ ದಿನವೇ ಹಾಜರಿ ಬಿದ್ದಾಗ ವಕೀಲರು ಬಾಲ ನ್ಯಾಯ ಕಾಯ್ದೆಯ ಕಲಂ 91ರಡಿ ಅರ್ಜಿ ಹಾಕಿದರು, ಮಂಡಳಿ ಅಂದು ಹುಡುಗನ ಹಾಜರಿ ಮನ್ನಿಸಿತು.

ಊರಿನ ಯೂಟ್ಯೂಬ್ ಚಾನೆಲ್ಲೊಂದು ಹುಡುಗನ ಫೋಟೊ ಹಾಕಿ ‘ವಿದ್ಯಾರ್ಥಿ ರೌಡಿ’ ಎಂದು ಸುದ್ದಿ ಮಾಡಿತ್ತು. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಯಾವ ಮಾಧ್ಯಮದಲ್ಲೂ ಹಾಕುವಂತಿಲ್ಲವೆಂದು ಅದೇ ಬಾಲ ನ್ಯಾಯ ಕಾಯ್ದೆಯ ಕಲಂ 74 ಹೇಳುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊಂಡಿ, ದಿನ, ಸಮಯ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ವಕೀಲರ ನೋಟಿಸ್ ಕಳಿಸಿದ ಮೇಲೆ ವಿಡಿಯೊ ತೆಗೆದರು. ಇದೇ ಕಲಂ ಗಾಯಗೊಂಡ ಹುಡುಗನನ್ನೂ ಕಾಯುತ್ತದೆ. ನಮ್ಮ ಕಡೆಯವರು ಅವನ ಹೆಸರು ಹಾಕಿ ಸ್ಟೇಟಸ್ ಬರೆಯುವುದೂ ತಪ್ಪೇ.

ಗಾಯಗೊಂಡ ಮಗುವಿನ ಮನೆ

ಅಪ್ಪ ಮರುದಿನವೇ ಹಣ್ಣು ಹಿಡಿದು ಆಸ್ಪತ್ರೆಗೆ ಹೊರಟಿದ್ದರು. ಮನಸ್ಸು ಒಳ್ಳೆಯದೇ. ಆದರೆ ನಾಲ್ಕು ಜನ ಕೂಡಿ ಹೋದದ್ದು ಮಾರನೆ ದಿನ ‘ಬೆದರಿಸಲು ಬಂದರು’ ಎಂದಾಗುವುದನ್ನು ಎಷ್ಟೋ ಕಡತಗಳಲ್ಲಿ ನೋಡಬಹುದು. ಬೇಕರಿಯವರನ್ನೋ ಸಹಪಾಠಿಗಳನ್ನೋ ‘ಸ್ವಲ್ಪ ನೋಡ್ಕೊಂಡು ಹೇಳಿ’ ಎಂದು ಕೇಳುವುದಂತೂ ಕೂಡದು. ಸಂದೇಶ ವಕೀಲರ ಮೂಲಕ ಹೋಯಿತು: ಹಲ್ಲಿನ ಬೇರಿನ ಚಿಕಿತ್ಸೆ ಮತ್ತು ಕ್ಯಾಪ್‌ನ ಖರ್ಚನ್ನು ನೇರ ದಂತ ಚಿಕಿತ್ಸಾಲಯಕ್ಕೆ ಕಟ್ಟುತ್ತೇವೆ, ಇದು ಆರೋಪ ಒಪ್ಪಿದ್ದಲ್ಲ, ರಾಜಿಗೆ ಷರತ್ತೂ ಅಲ್ಲ. ನಗದು ಕೈಗೆ ಕೊಡಲಿಲ್ಲ, ರಸೀದಿ ಇಟ್ಟುಕೊಂಡರು.

ರಾಜಿಯ ಬಗ್ಗೆ ಒಂದು ಸ್ಪಷ್ಟನೆ. ಸಾದಾ ಗಾಯದ ಆರೋಪವನ್ನು ಗಾಯಾಳು ರಾಜಿ ಮಾಡಿಕೊಳ್ಳಬಹುದು. 117(2)ಕ್ಕೆ ನ್ಯಾಯಾಲಯದ ಅನುಮತಿ ಬೇಕು, ಗಾಯಾಳು ಮಗುವಾದರೆ ಅವನ ಪರವಾಗಿ ದೊಡ್ಡವರು ಅನುಮತಿಯೊಂದಿಗೆ ಮಾಡಬೇಕು. 118(2) ರಾಜಿಗೆ ಬರುವುದಿಲ್ಲ. ಅದು ಉಳಿದಿದ್ದರೆ ಹೈಕೋರ್ಟಿಗೆ ಹೋಗಿ ಕೇಸ್ ರದ್ದು ಕೇಳಬೇಕು. ಠಾಣೆಯ ಜಗಲಿಯಲ್ಲಿ ಛಾಪಾ ಕಾಗದದ ಮೇಲೆ ಬರೆದ ರಾಜಿ ಪತ್ರದಿಂದ ಕೇಸ್ ಮುಗಿಯುವುದಿಲ್ಲ. ಇಲ್ಲಿ ಎದುರಿನ ಮನೆಯವರು ಚಿಕಿತ್ಸೆಯ ಖರ್ಚು ಒಪ್ಪಿದರು, ರಾಜಿ ಒಪ್ಪಲಿಲ್ಲ. ಅದು ಅವರ ಹಕ್ಕು. ಅವರ ಮಗನ ಮುಂದಿನ ಹಲ್ಲು ಮುರಿದಿದೆ.

ಪರಿವೀಕ್ಷಣಾಧಿಕಾರಿ ಮನೆಗೆ ಬಂದ ದಿನ

ಇಡೀ ಕೇಸಿನಲ್ಲಿ ಅತಿ ಹೆಚ್ಚು ತೂಕವಿರುವ ಕಾಗದ ಎಫ್‌ಐಆರ್ ಅಲ್ಲ, ಸಾಮಾಜಿಕ ತನಿಖಾ ವರದಿ. ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಅಧಿಕಾರಿ, ಎರಡು ವಾರದೊಳಗೆ ಮಂಡಳಿಗೆ ಇದನ್ನು ಕೊಡಬೇಕು. ಮನೆ, ಶಾಲೆ, ನೆರೆಹೊರೆ, ಗೆಳೆಯರು, ದುಶ್ಚಟ, ಆರೋಗ್ಯ, ಮನೆಯ ಜಗಳ, ಹಿಂದೆ ಏನಾದರೂ ನಡೆದಿತ್ತೇ, ಎಲ್ಲವೂ ಅದರಲ್ಲಿ ಬರುತ್ತದೆ. ಮುಂದಿನ ಆದೇಶ ಬಹುಮಟ್ಟಿಗೆ ಇದರ ಮೇಲೆ ನಿಲ್ಲುತ್ತದೆ.

ಮನೆಯವರು ಇಲ್ಲಿ ಮಾಡುವ ತಪ್ಪು, ಎಲ್ಲ ಚೆನ್ನಾಗಿದೆಯೆಂದು ತೋರಿಸುವುದು. ಈ ಮನೆಯಲ್ಲಿ ಅಪ್ಪ ವಾರಕ್ಕೆರಡು ಸಲ ಕುಡಿದು ಬರುತ್ತಿದ್ದರು, ಮಗನಿಗೆ ಬೆಲ್ಟಿನಿಂದ ಹೊಡೆದದ್ದೂ ಇತ್ತು. ಮುಚ್ಚಿಟ್ಟಿದ್ದರೆ ಪಕ್ಕದ ಮನೆಯವರು ಹೇಳುತ್ತಿದ್ದರು, ಆಗ ಇಡೀ ಮನೆಯ ಮಾತೇ ನಂಬಿಕೆ ಕಳೆದುಕೊಳ್ಳುತ್ತಿತ್ತು. ಅಮ್ಮ ನಿಜ ಹೇಳಿದರು. ಜೊತೆಗೆ ಏನು ಬದಲಾಯಿಸಿದ್ದೇವೆ ಎಂಬುದನ್ನೂ ಹೇಳಿದರು: ರಾತ್ರಿ ಎಂಟರ ನಂತರ ಫೋನ್ ಅಮ್ಮನ ಹತ್ತಿರ, ಶಾಲೆಯಿಂದ ಅಪ್ಪನ ಆಟೋದಲ್ಲೇ ವಾಪಸ್, ಅಪ್ಪ ಜಿಲ್ಲಾ ಆಸ್ಪತ್ರೆಯ ವ್ಯಸನಮುಕ್ತಿ ಚಿಕಿತ್ಸೆಗೆ ಹೆಸರು ಬರೆಸಿದ್ದಾರೆ. ಚೀಟಿ ತೋರಿಸಿದರು. ಹಾಜರಿ ಪಟ್ಟಿ, ಅಂಕಪಟ್ಟಿಗಳು, ಕಬಡ್ಡಿಯ ಪ್ರಮಾಣಪತ್ರ, ಗಣಿತದ ಮೇಷ್ಟ್ರು ಬರೆದುಕೊಟ್ಟ ಒಂದು ಪುಟ ಎಲ್ಲ ಒಂದು ಫೈಲಿನಲ್ಲಿದ್ದವು. ‘ಒಳ್ಳೆ ಹುಡುಗ’ ಎನ್ನುವ ಪತ್ರ ಕೆಲಸಕ್ಕೆ ಬರುವುದಿಲ್ಲ. ಮೇಷ್ಟ್ರು ತಾವು ಕಂಡದ್ದನ್ನು ಬರೆದಿದ್ದರು: ಎರಡು ವರ್ಷದಿಂದ ತರಗತಿಯಲ್ಲಿ ಹೇಗಿದ್ದಾನೆ, ಗೇಲಿಯ ನಂತರ ಹಿಂದಿನ ಬೆಂಚಿಗೆ ಹೋಗಿ ಕೂರತೊಡಗಿದ್ದು ಯಾವಾಗ.

ಹುಡುಗನಿಗೆ ಉತ್ತರ ಬಾಯಿಪಾಠ ಮಾಡಿಸಬಾರದು. ಅಧಿಕಾರಿಗಳಿಗೆ ಎರಡೇ ಪ್ರಶ್ನೆಯಲ್ಲಿ ತಿಳಿಯುತ್ತದೆ.

ಈ ತಿಂಗಳುಗಳಲ್ಲಿ ಹುಡುಗ ರಾತ್ರಿ ಎಚ್ಚರವಾಗಿರುತ್ತಿದ್ದ, ಊಟ ಬಿಟ್ಟಿದ್ದ, ಒಮ್ಮೆ “ನಾನಿಲ್ದಿದ್ರೆ ನಿಮಗೆ ಈ ಕಷ್ಟ ಇರ್ತಿರ್ಲಿಲ್ಲ” ಅಂದ. ಇಂಥ ಮಾತನ್ನು ನಾಟಕ ಅನ್ನಬಾರದು, ಬೈಯಬಾರದು. ಆ ರಾತ್ರಿ ಅವನನ್ನು ಒಬ್ಬನೇ ಮಲಗಿಸಬಾರದು, ಮನೆಯಲ್ಲಿರುವ ಔಷಧಿ, ಕೀಟನಾಶಕ ದೂರ ಇಡಬೇಕು. ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಮಕ್ಕಳ ಸಹಾಯವಾಣಿ 1098 ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಕೇಸಿನ ಕಾಗದ ನೋಡಿಕೊಳ್ಳಲು ವಕೀಲರಿದ್ದಾರೆ. ಮಗನ ಪಕ್ಕ ಕೂತು ಊಟ ಮಾಡಲು ಅಪ್ಪ ಅಮ್ಮನೇ ಬೇಕು.

ಆದೇಶ ಮತ್ತು ಆಮೇಲೆ

ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ ಪೊಲೀಸರ ಅಂತಿಮ ವರದಿ ಎರಡು ತಿಂಗಳೊಳಗೆ ಬರಬೇಕು. ಬಂತು. ಸಿಸಿಟಿವಿ ನೋಡಿದ ತನಿಖಾಧಿಕಾರಿ 118(2) ಕೈಬಿಟ್ಟರು. 117(2), 115(2) ಉಳಿದವು. ಪಿಯುಸಿ ಹುಡುಗ ಬಿಡಿಸಲು ಬಂದವನೆಂದು ದೃಶ್ಯದಲ್ಲಿ ಕಾಣುತ್ತಿತ್ತು, ಅವನ ಹೆಸರು ಹೋಯಿತು. ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ವಿಚಾರಣೆ ಮುಗಿಯಬೇಕು, ಬೇಕಾದರೆ ಎರಡು ತಿಂಗಳು ಹೆಚ್ಚು. ಆಗಲೂ ಮುಗಿಯದಿದ್ದರೆ ಸಣ್ಣ ಅಪರಾಧದ ಕೇಸ್ ತಾನಾಗಿ ಕೊನೆಗೊಳ್ಳುತ್ತದೆ. ಗಂಭೀರ ವರ್ಗದಲ್ಲಿ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳು ಕಾರಣ ಬರೆದು ಅವಧಿ ವಿಸ್ತರಿಸಬಹುದು.

ಹುಡುಗ ಮುಷ್ಟಿಯಿಂದ ಹೊಡೆದದ್ದನ್ನು ಮಂಡಳಿಯ ಮುಂದೆ ಹೇಳಿದ. ಕಲಂ 18ರಡಿ ಮಂಡಳಿಗೆ ಇರುವ ಆಯ್ಕೆಗಳು ಬುದ್ಧಿಮಾತು ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಗುಂಪು ಸಮಾಲೋಚನೆ, ಸಮುದಾಯ ಸೇವೆ, ಹೆತ್ತವರಿಗೆ ದಂಡ, ಸನ್ನಡತೆಯ ಮೇಲ್ವಿಚಾರಣೆ, ಗರಿಷ್ಠ ಮೂರು ವರ್ಷ ವಿಶೇಷ ಗೃಹದವರೆಗೆ (ತಪ್ಪು ಸಾಬೀತಾದ ಮಕ್ಕಳನ್ನು ಸುಧಾರಣೆಗೆ ಇರಿಸುವ ಜಾಗ). ಇಲ್ಲಿ ಆದದ್ದು: ತಂದೆ ತಾಯಿಗೂ ಸೇರಿಸಿ ಸಮಾಲೋಚನೆ, ಪರೀಕ್ಷೆ ಮುಗಿದ ಮೇಲೆ ಭಾನುವಾರಗಳಂದು ವೃದ್ಧಾಶ್ರಮದಲ್ಲಿ ಸೇವೆ, ಒಂದು ವರ್ಷ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆ. ಹುಡುಗ ಆ ವರ್ಷವೇ ಎಸ್‌ಎಸ್‌ಎಲ್‌ಸಿ ಬರೆದ.

ಆದೇಶದ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಅದನ್ನು ಮನೆಯಲ್ಲಿಡಬೇಕು, ಶಾಲೆಯ ಕಡತಕ್ಕೆ ಕೊಡಬೇಕಾಗಿಲ್ಲ. ಮೇಲ್ಮನವಿಗೆ 30 ದಿನ. ಕಲಂ 24ರಂತೆ ಈ ಆದೇಶದಿಂದ ಅವನಿಗೆ ಮುಂದೆ ಯಾವ ಅನರ್ಹತೆಯೂ ಬರುವುದಿಲ್ಲ. ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷದವರೆಗೆ ಇಟ್ಟು ಆಮೇಲೆ ನಾಶಪಡಿಸಬೇಕು. ಮುಗಿದ ಕೇಸಿನ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲಿ ಬೇರಾವುದಕ್ಕಾಗಲಿ ಕೊಡುವಂತಿಲ್ಲ. ಹಾಗಿದ್ದರೂ ಪಾಸ್‌ಪೋರ್ಟ್, ಪೊಲೀಸ್ ನೇಮಕಾತಿ, ಸೇನೆಯ ಅರ್ಜಿಗಳಲ್ಲಿ ‘ನಿಮ್ಮ ಮೇಲೆ ಕೇಸ್ ಇತ್ತೇ’ ಎಂಬ ಪ್ರಶ್ನೆ ಬರುತ್ತದೆ. ಅದನ್ನು ತುಂಬುವ ಮುನ್ನ ಆ ಆದೇಶದ ಪ್ರತಿಯನ್ನು ವಕೀಲರಿಗೆ ತೋರಿಸಿ, ಪ್ರಶ್ನೆಯ ಪದಗಳಿಗೆ ಸರಿಯಾಗಿ ಏನು ಬರೆಯಬೇಕೆಂದು ಕೇಳಿ ಬರೆಯಬೇಕು. ಠಾಣೆಯ ಕಂಪ್ಯೂಟರಿನಲ್ಲಿ ಹೆಸರು ಉಳಿದಿರುವುದು ಪರಿಶೀಲನೆಯ ಹೊತ್ತಿಗೆ ಬಯಲಾದರೆ, ದಾಖಲೆ ನಾಶಕ್ಕೆ ನಿರ್ದೇಶನ ಕೊಡುವಂತೆ ಅದೇ ಮಂಡಳಿಗೆ ಅರ್ಜಿ ಹಾಕಬಹುದು.